ಹೃದಯದ ಕವಾಟ ಮತ್ತು ಸಸ್ಯಾಹಾರಿಯ ಪ್ರಶ್ನೆ

ಹೃದಯದ ಕವಾಟ ಕೆಟ್ಟು ಜಯನಗರ 9ನೇ ಬ್ಲಾಕಿನ ಜಯದೇವ ಹೃದ್ರೋಗ ಸಂಸ್ಥೆಯಂತಹ ಆಸ್ಪತ್ರೆಗಳಿಗೆ ಬರುವವರ ಮುಂದೆ ಎರಡು ಬಗೆಯ ಕವಾಟಗಳ ಮಾತು ಬರುತ್ತದೆ. ಒಂದು, ಲೋಹ, ಇಂಗಾಲ ಮುಂತಾದವುಗಳಿಂದ ಮಾಡಿದ ಯಾಂತ್ರಿಕ ಕವಾಟ. ಇನ್ನೊಂದು ಅಂಗಾಂಶ ಕವಾಟ. ಅದು ದನದ ಹೃದಯವನ್ನು ಸುತ್ತಿರುವ ಪೊರೆಯಿಂದ ಅಥವಾ ಹಂದಿಯ ಕವಾಟದಿಂದ ಸಿದ್ಧವಾದುದು. ತಲೆತಲಾಂತರದಿಂದ ಮಾಂಸ ಮುಟ್ಟದ ನಮ್ಮ ಮನೆಗಳ ಹಿರಿಯರು ಇದನ್ನು ಕೇಳಿ ಕಳವಳಗೊಳ್ಳುವುದು ಸಹಜ. ಇಷ್ಟಲಿಂಗ ಧರಿಸಿದ ದೇಹದೊಳಗೆ ಇದು ಸೇರಬಹುದೇ ಎಂಬ ಅವರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ತರವಲ್ಲ. ಆದರೆ ಆ ವಸ್ತು ಏನೆಂಬುದನ್ನು ಮೊದಲು ಅರಿಯಬೇಕು.

ಅದರ ಬಲವೆಲ್ಲ ಕೊಲಾಜೆನ್ ಎಂಬ ಪ್ರೋಟೀನಿನಲ್ಲಿದೆ. ನಮ್ಮ ಚರ್ಮ, ಎಲುಬುಗಳನ್ನು ಬಿಗಿಹಿಡಿದಿರುವುದೂ ಇದೇ. ದೇಹದ ಪ್ರೋಟೀನಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಇದರದು. ಮೂರು ಎಳೆಗಳು ಹಗ್ಗದಂತೆ ಹೆಣೆದುಕೊಂಡಿರುವ ಇದರ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಮುಂದಿಟ್ಟರು. ಕಾಂಗರೂವಿನ ಬಾಲದ ಸ್ನಾಯುರಜ್ಜು ಅವರ ಅಧ್ಯಯನದ ವಸ್ತುವಾಗಿತ್ತು! ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್ ಮುಂದೆ ಅಲ್ಲಿಗೇ ಮರಳಿ ಹೊಸ ವಿಭಾಗವೊಂದನ್ನು ಕಟ್ಟಿದರು. ಇಂಥವರ ಹೆಸರು ನಮ್ಮ ಮಕ್ಕಳ ಬಾಯಲ್ಲಿ ಇಲ್ಲದಿರುವುದು ವಿಷಾದದ ಸಂಗತಿ.

ಕವಾಟಕ್ಕೆ ಪೊರೆಯನ್ನು ಇದ್ದಂತೆಯೇ ರಾಸಾಯನಿಕ ದ್ರಾವಣದಲ್ಲಿ ಹದಗೊಳಿಸುತ್ತಾರೆ. ಅದರಲ್ಲಿ ಜೀವಂತ ಕೋಶಗಳು ಉಳಿಯುವುದಿಲ್ಲ. ಸುಟ್ಟಗಾಯಕ್ಕೆ ಹೊದಿಸುವ ಹಾಳೆಯಂತಹ ವಸ್ತುಗಳಿಗಾದರೋ ಕೊಲಾಜೆನ್ನನ್ನೇ ಬೇರ್ಪಡಿಸಬೇಕಾಗುತ್ತದೆ. ಒಂದು ರೂಢಿಯ ಕ್ರಮ ಹೀಗಿದೆ: ದನದ ಚರ್ಮದಿಂದ ಕೂದಲು, ಕೊಬ್ಬು ತೆಗೆದು, ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೇ ತೆಳುವಾಗಿಸಿ ಅದರಲ್ಲಿ ನೆನೆಸುತ್ತಾರೆ, ಪೆಪ್ಸಿನ್ ಸೇರಿಸುತ್ತಾರೆ. ಪೆಪ್ಸಿನ್ ಎಳೆಗಳ ತುದಿಗಳನ್ನು ಕತ್ತರಿಸುತ್ತದೆ. ನಮ್ಮ ದೇಹ ಪರಕೀಯವೆಂದು ಗುರುತಿಸಿ ಪ್ರತಿಭಟಿಸುವ ಅಂಶ ಆ ತುದಿಗಳಲ್ಲಿ ಹೆಚ್ಚು. ಬಳಿಕ ಉಪ್ಪು ಬೆರೆಸಿದರೆ ಕೊಲಾಜೆನ್ ಬಿಳಿಯಾಗಿ ಒಡೆದು ಬೇರೆಯಾಗುತ್ತದೆ. ಇದೆಲ್ಲ ಸುಮಾರು 4 ಡಿಗ್ರಿ ತಂಪಿನಲ್ಲಿ ನಡೆಯಬೇಕು. ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲ ಇತರ ಪ್ರೋಟೀನುಗಳಲ್ಲಿ ಅಪರೂಪವಾದ್ದರಿಂದ, ಅದನ್ನು ಅಳೆದು ಕೊಲಾಜೆನ್ ಎಷ್ಟಿದೆಯೆಂದು ತಿಳಿಯುತ್ತಾರೆ.

ಬಿಸಿ ತಗುಲಿದರೆ ಹೆಣಿಗೆ ಬಿಚ್ಚಿ ಕೊಲಾಜೆನ್ ಜೆಲಟಿನ್ ಆಗುತ್ತದೆ. ಅನೇಕ ಔಷಧಗಳ ಕ್ಯಾಪ್ಸೂಲಿನ ಹೊದಿಕೆ ಆ ಜೆಲಟಿನ್ನೇ. ಕವಾಟಕ್ಕೆ ಬೆಚ್ಚುವವರು ಅದನ್ನು ಎಷ್ಟೋ ವರ್ಷಗಳಿಂದ ನುಂಗಿರಬಹುದು! ಸಸ್ಯಮೂಲದ ಕ್ಯಾಪ್ಸೂಲುಗಳೂ ದೊರೆಯುತ್ತವೆ, ಕೇಳಿ ಪಡೆಯಬೇಕು.

ಅಂತೆಯೇ ಪ್ರಾಣಿಮೂಲ ಬೇಡವೆನ್ನುವವರಿಗೆ ಯಾಂತ್ರಿಕ ಕವಾಟವುಂಟು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ದೇಶೀಯ ಕವಾಟವನ್ನು 1990ರಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ಆದರೆ ಯಾಂತ್ರಿಕ ಕವಾಟ ಪಡೆದವರು ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಔಷಧ ಸೇವಿಸಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಸೊಪ್ಪುತಿನಿಸುಗಳಲ್ಲಿರುವ ಕೆ ಜೀವಸತ್ವ ಆ ಔಷಧದ ಪರಿಣಾಮವನ್ನು ತಗ್ಗಿಸುವುದರಿಂದ ದಿನವೂ ಒಂದೇ ಪ್ರಮಾಣದಲ್ಲಿ ಸೊಪ್ಪು ತಿನ್ನುವ ಶಿಸ್ತು ಬೇಕು. ವೃದ್ಧರಿಗೆ ಆ ಔಷಧದಿಂದ ರಕ್ತಸ್ರಾವದ ಭಯವೂ ಹೆಚ್ಚು. ಅಂಗಾಂಶ ಕವಾಟಕ್ಕೆ ಸಾಮಾನ್ಯವಾಗಿ ಈ ಕಟ್ಟುಪಾಡಿಲ್ಲ. ಅದು ಹತ್ತು ಹದಿನೈದು ವರ್ಷಗಳಲ್ಲಿ ಸವೆಯಬಹುದು. ಎಪ್ಪತ್ತು ದಾಟಿದ ಅಜ್ಜಿಗೆ ವೈದ್ಯರು ಅದನ್ನೇ ಸೂಚಿಸುವುದು ಈ ಲೆಕ್ಕಾಚಾರದಿಂದ.

ತೀರ್ಮಾನ ಆ ಅಜ್ಜಿಯದಾಗಿರಬೇಕು. ಹೇಳಿದರೆ ಒಪ್ಪಲಾರರೆಂದು ಮಕ್ಕಳು ವಿಷಯ ಮುಚ್ಚಿಟ್ಟು ಸಹಿ ಮಾಡುವುದು ನನಗೆ ಸರಿಕಾಣದು. ಕವಾಟದ ಶಸ್ತ್ರಚಿಕಿತ್ಸೆಗೆ ಬಹುಮಟ್ಟಿಗೆ ಮುಂಚಿತವಾಗಿಯೇ ದಿನ ಗೊತ್ತುಮಾಡುತ್ತಾರೆ. ಕವಾಟ ಯಾವುದರಿಂದ ಮಾಡಿದ್ದೆಂದು ಆಗಲೇ ವೈದ್ಯರನ್ನು ಕೇಳಿ, ಹಿರಿಯರ ಎದುರಿನಲ್ಲೇ ಮಾತನಾಡಬಹುದು. ಸುಟ್ಟಗಾಯದಂತಹ ತುರ್ತಿನಲ್ಲಿ ಅಷ್ಟು ಸಮಯ ಸಿಗುವುದಿಲ್ಲ. ಅಲ್ಲಿ ಚರ್ಚೆಗಾಗಿ ಚಿಕಿತ್ಸೆಯನ್ನು ತಡೆಯಬಾರದು.