ಪಾನಕದ ಪಾತ್ರೆಯ ಸುತ್ತ

ಚೈತ್ರಮಾಸವು ಕಾಲಿಟ್ಟಿತೆಂದರೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಎರಡು ವಸ್ತುಗಳಿಗೆ ಎಲ್ಲಿಲ್ಲದ ಗೌರವವು ಪ್ರಾಪ್ತವಾಗುತ್ತದೆ. ಒಂದು ಬೆಲ್ಲ, ಇನ್ನೊಂದು ನೆರಳು. ಹೊಂಗೆಯ ಮರವು ಹೊಸ ಚಿಗುರನ್ನು ತಳೆದು ನಿಂತಿರುವ ಕಡೆಯಲ್ಲಿ ಯಾರೋ ನಾಲ್ಕು ಗಳುಗಳನ್ನು ನೆಟ್ಟು, ಮೇಲೆ ತೆಂಗಿನ ಗರಿಯನ್ನು ಹೊದಿಸಿ, ಒಂದು ದೊಡ್ಡ ಕೊಳಗವನ್ನು ತಂದಿಟ್ಟರಾಯಿತು. ಬೀದಿಗೆ ಬೀದಿಯೇ ಅಲ್ಲಿ ಬಂದು ನಿಲ್ಲುತ್ತದೆ. ರಾಮನವಮಿಯ ಪಾನಕ, ಕೋಸಂಬರಿ, ನೀರುಮಜ್ಜಿಗೆಗಳ ಸವಿಯನ್ನು ನಮ್ಮ ವಾಚಕರಿಗೆ ವರ್ಣಿಸಬೇಕಾದ ಅಗತ್ಯವಿಲ್ಲ. ಆದರೆ ಆ ಕೊಳಗದ ಸುತ್ತ ಯಾರು ಯಾರು ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಎಂಬ ವಿಷಯವನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಮಗೆ ತೋರಿದೆ.

ಸಂಸ್ಕೃತದಲ್ಲಿ ಎರಡು ಚಿಕ್ಕ ಪದಗಳುಂಟು. ‘ಸಗ್ಧಿ’ ಎಂದರೆ ಒಟ್ಟಿಗೆ ಉಣ್ಣುವುದು. ‘ಸಪೀತಿ’ ಎಂದರೆ ಒಟ್ಟಿಗೆ ಕುಡಿಯುವುದು. ಯಜುರ್ವೇದದ ಚಮಕದಲ್ಲಿ ಮನುಷ್ಯನು ತನಗೆ ಬೇಕಾದುದನ್ನೆಲ್ಲ ಒಂದೊಂದಾಗಿ ಬೇಡಿಕೊಳ್ಳುವ ದೀರ್ಘವಾದ ಪಟ್ಟಿಯಿದೆಯಷ್ಟೆ. ಅದರಲ್ಲಿ ಹಾಲು, ತುಪ್ಪ, ಜೇನುಗಳು ಬಂದ ಒಡನೆಯೇ ಈ ಎರಡು ಪದಗಳು ಬರುತ್ತವೆ. ಇವುಗಳ ತರುವಾಯ ಕೃಷಿಯೂ ಮಳೆಯೂ ಬರುತ್ತವೆ. ಈ ಕ್ರಮವನ್ನು ನಾವು ಎಷ್ಟೋ ವರ್ಷ ತರಗತಿಯಲ್ಲಿ ಮಕ್ಕಳಿಗೆ ತೋರಿಸಿದ್ದೇವೆ. ಹಾಲು ತುಪ್ಪಗಳು ಮನೆಯಲ್ಲಿದ್ದರೆ ಸಾಲದು, ಅವನ್ನು ಹಂಚಿಕೊಂಡು ಸವಿಯುವ ಜನರೂ ಬೇಕೆಂದು ಬೇಡಿದವನು ಲೋಕವನ್ನು ಬಲ್ಲವನೇ ಸರಿ. ಒಬ್ಬನೇ ಕುಳಿತು ಕುಡಿದ ಪಾನಕವು ಬಾಯಾರಿಕೆಯನ್ನು ಹೋಗಲಾಡಿಸೀತು. ಅದಕ್ಕೆ ಸಪೀತಿ ಎಂಬ ಹೆಸರು ಸಲ್ಲದು.

ನಮ್ಮ ಬಡಾವಣೆಗಳ ಹುಟ್ಟನ್ನು ನೆನೆದರೆ ಈ ಮಾತಿಗೆ ಇನ್ನಷ್ಟು ಅರ್ಥವು ಬರುತ್ತದೆ. ಚಾಮರಾಜಪೇಟೆಯು 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿಯು ಬಂದೆರಗಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಮನೆಗೆ ಮನೆ ಅಂಟಿಕೊಂಡು, ಗಾಳಿ ಬೆಳಕುಗಳಿಲ್ಲದೆ, ಜನರು ಸಾಯುತ್ತಿದ್ದುದನ್ನು ಕಂಡು ಅಂದಿನ ಅಧಿಕಾರಿಗಳು ನೇರವಾದ ಅಗಲ ರಸ್ತೆಗಳನ್ನೂ ಮನೆಮನೆಗೂ ನಡುವೆ ತೆರಪನ್ನೂ ಇಟ್ಟು ಹೊಸ ಬಡಾವಣೆಗಳನ್ನು ಬೆಳೆಸಿದರು. ಎಂದರೆ, ಮನುಷ್ಯನು ಮನುಷ್ಯನಿಂದ ದೂರವಿರಬೇಕೆಂಬ ಭಯವು ಈ ಬೀದಿಗಳ ಅಡಿಪಾಯದಲ್ಲಿಯೇ ಸೇರಿಕೊಂಡಿದೆ. ಹೀಗಿರಲಾಗಿ, ಬೇರೆ ಬೇರೆ ಪೇಟೆಗಳಿಂದಲೂ ಊರುಗಳಿಂದಲೂ ಬಂದು ನೆಲೆಸಿದ ಅಪರಿಚಿತರನ್ನು ಒಬ್ಬರಿಗೊಬ್ಬರು ಪರಿಚಿತರಾಗುವಂತೆ ಮಾಡಿದುದು ಯಾವುದು? ದೇವಸ್ಥಾನ, ಶಾಲೆ, ಮಾರುಕಟ್ಟೆ ಇವು ಒಂದಷ್ಟು ಮಾಡಿದವು. ಬೇಸಗೆಯ ಚಪ್ಪರವು ತನ್ನ ಪಾಲಿನ ಕೆಲಸವನ್ನು ಮಾಡಿತು.

ಈ ಚಪ್ಪರಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು ಚಾಮರಾಜಪೇಟೆಯದು. ಅಲ್ಲಿನ ಶ್ರೀರಾಮಸೇವಾ ಮಂಡಳಿಯು 1939ರಲ್ಲಿ ಪ್ರಾರಂಭವಾಯಿತು. ಎಸ್.ವಿ. ನಾರಾಯಣಸ್ವಾಮಿ ರಾಯರು ಅದರ ಸ್ಥಾಪಕರು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಅದರ ಸಂಗೀತೋತ್ಸವವು ವಾರಗಟ್ಟಲೆ ನಡೆದು ನಾಡಿನ ಮಹಾವಿದ್ವಾಂಸರನ್ನು ಬರಮಾಡಿಕೊಂಡಿದೆ. ಒಳಗೆ ಕುರ್ಚಿಗೆ ಟಿಕೀಟುಂಟು. ಆದರೆ ಬೇಲಿಯ ಹೊರಗಿನ ಕಾಲುದಾರಿಯ ಮೇಲೆ ಕುಳಿತು ರಾಗಾಲಾಪನೆಯನ್ನು ಕೇಳುವುದಕ್ಕೆ ಟಿಕೀಟಿಲ್ಲ. ಧ್ವನಿಗೆ ಬೇಲಿಯೆಂಬುದು ತಿಳಿಯದು. ಅಕ್ಕಪಕ್ಕದ ರಸ್ತೆಗಳಲ್ಲಿ ತಿಂಡಿಯ ಗಾಡಿಗಳೂ ಹೂವಿನ ಬುಟ್ಟಿಗಳೂ ನಿಂತು, ಸಂಗೀತವನ್ನು ಬಲ್ಲವರೂ ಅರಿಯದವರೂ ಒಂದೇ ಗಾಳಿಯನ್ನು ಸೇವಿಸುತ್ತಾರೆ.

ನವಮಿಯು ಕಳೆದು ಕೆಲವೇ ದಿನಗಳಲ್ಲಿ ಚೈತ್ರ ಹುಣ್ಣಿಮೆಯು ಬರುತ್ತದೆ. ಅಂದಿನ ರಾತ್ರಿ ತಿಗಳರ ಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗವು ಹೊರಡುತ್ತದೆ. ದ್ರೌಪದೀದೇವಿಯ ಶಕ್ತಿಯನ್ನು ಹೊತ್ತ, ಮಲ್ಲಿಗೆಯಿಂದ ಮುಚ್ಚಿದ ಆ ಕರಗವು ವೀರಕುಮಾರರ ಕತ್ತಿಗಳ ನಡುವೆ ಪೇಟೆಯ ಬೀದಿಗಳನ್ನೆಲ್ಲ ಸುತ್ತುತ್ತ, ಕಾಟನ್‌ಪೇಟೆಯಲ್ಲಿರುವ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ ಬರುತ್ತದೆ. ಆ ರಾತ್ರಿ ಪೇಟೆಯಲ್ಲಿ ನಿದ್ರೆಯಿಲ್ಲ. ಕರಗದ ದಾರಿಯುದ್ದಕ್ಕೂ ಅಂಗಡಿಯವರು ತಮ್ಮ ಜಗಲಿಗಳ ಮೇಲೆ ಪಾನಕ ಮಜ್ಜಿಗೆಗಳ ಪಾತ್ರೆಗಳನ್ನಿಟ್ಟುಕೊಂಡು ಬಂದವರಿಗೆಲ್ಲ ಕೊಡುತ್ತಾರೆ. 2022 ಮತ್ತು 2023ರಲ್ಲಿ ರಾಮನವಮಿಯೂ ರಂಜಾನ್ ಮಾಸವೂ ಕೂಡಿ ಬಂದುವು. ಒಂದು ಬೀದಿಯಲ್ಲಿ ಮಧ್ಯಾಹ್ನ ಪಾನಕ. ಇನ್ನೊಂದು ಬೀದಿಯಲ್ಲಿ ಸೂರ್ಯಾಸ್ತವಾದೊಡನೆ ಖರ್ಜೂರ. ಬಾಯಾರಿದವನಿಗೆ ಮೊದಲ ಗುಟುಕನ್ನು ಕೊಡುವುದು ಪುಣ್ಯವೆಂಬ ವಿಷಯದಲ್ಲಿ ಈ ಎರಡು ಬೀದಿಗಳಿಗೂ ಭಿನ್ನಾಭಿಪ್ರಾಯವಿರುವಂತೆ ಕಾಣೆವು.

ಕಾಸಿಗೆ ದೊರೆಯುವ ಸಂತೋಷಗಳನ್ನೂ ನಾವು ಹೀನೈಸುವವರಲ್ಲ. ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿಯ ತಿಂಡಿಬೀದಿಯಲ್ಲಿ ಸಂಜೆಯ ಹೊತ್ತು ದೋಸೆಯ ಹೆಂಚು, ಹೋಳಿಗೆಯ ಹೆಂಚುಗಳ ನಡುವೆ ನಡೆದಾಡುವುದು ಮಕ್ಕಳಿಗೆ ಒಂದು ಹಬ್ಬವೇ. ವೈಶಾಖ ಜ್ಯೇಷ್ಠಗಳಲ್ಲಿ ರಸಪುರಿ, ಬಾದಾಮಿ, ಮಲಗೋವಾ ಹಣ್ಣುಗಳು ಬಂದಾಗ ಲಾಲ್‌ಬಾಗಿನ ಮಾವು ಹಲಸುಗಳ ಮೇಳಕ್ಕೆ ಹೋಗಿ ಬೆಳೆದವನ ಕೈಯಿಂದಲೇ ಕೊಂಡು ತರುವುದರಲ್ಲಿ ಲಾಭವೂ ಉಂಟು, ಸಂತೋಷವೂ ಉಂಟು. ಆದರೆ ಕೊಂಡು ತಿನ್ನುವ ಕಡೆಯಲ್ಲಿ ಹಣವಿದ್ದವನು ಮಾತ್ರ ಅತಿಥಿ. ಚಪ್ಪರದಲ್ಲಿ ಹಾಗಲ್ಲ, ಅಲ್ಲಿ ಬಾಯಾರಿಕೆಯೊಂದೇ ಟಿಕೀಟು. ಆದಕಾರಣ ಚಪ್ಪರದ ನಡತೆಯನ್ನು ನಾವು ಅಂಗಡಿಯ ನಡತೆಗಿಂತ ಬಿಗಿಯಾದ ತಕ್ಕಡಿಯಲ್ಲಿ ತೂಗಬೇಕಾಗಿದೆ.

2020ರ ಏಪ್ರಿಲ್ 2ರ ರಾಮನವಮಿಯನ್ನು ಯಾರೂ ಮರೆತಿರಲಾರರು. ಕೊರೋನಾ ವ್ಯಾಧಿಯ ನಿಮಿತ್ತ ದೇಶವೇ ಬಾಗಿಲು ಹಾಕಿಕೊಂಡು ಎಂಟೊಂಬತ್ತು ದಿನಗಳಾಗಿದ್ದುವು. ಪ್ರತಿಯೊಂದು ಮನೆಯಲ್ಲಿಯೂ ಪಾನಕವಾಯಿತು. ಬೀದಿಯಲ್ಲಿ ಒಂದು ಲೋಟವೂ ಇರಲಿಲ್ಲ. ಪ್ಲೇಗಿನ ಭಯದಿಂದ ಹುಟ್ಟಿದ ಬೀದಿಗಳು ಮತ್ತೊಂದು ವ್ಯಾಧಿಯ ಭಯದಿಂದ ಬರಿದಾಗಿ ನಿಂತುವು. ಆ ದಿನಗಳಲ್ಲಿಯೂ ಬೆಳಗಾಗುತ್ತಲೇ ಬೀದಿಗೆ ಬಂದವರು ಕೆಲವರಿದ್ದರು. ಅವರು ಕಸ ಗುಡಿಸುವ ಪೌರಕಾರ್ಮಿಕರು.

ನಾವು ಹೇಳಹೊರಟ ಮುಖ್ಯವಾದ ಮಾತು ಇಲ್ಲಿಗೆ ಬಂದಿತು. ನಮ್ಮ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿತ್ತಿಲುಗಳ ನಡುವೆ ಕಿರಿದಾದ ಒಂದು ಗಲ್ಲಿಯಿರುವುದನ್ನು ವಾಚಕರು ಕಂಡಿರಬಹುದು. ಅದಕ್ಕೆ ಕನ್ಸರ್ವೆನ್ಸಿ ಗಲ್ಲಿಯೆಂದು ಹೆಸರು. ಮನೆಯ ಕೊಳೆಯನ್ನು ಒಯ್ಯುವವರು ಮುಂಬಾಗಿಲಿನ ರಸ್ತೆಯಲ್ಲಿ ಕಾಣಿಸಿಕೊಳ್ಳದೆ ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಲೆಂದು ಅದನ್ನು ಬಿಟ್ಟಿದ್ದರು. ಆ ಕಾಲದ ಕೆಲಸವೂ ಹೋಯಿತು, ಗಲ್ಲಿಗಳಲ್ಲಿ ಎಷ್ಟೋ ಮುಚ್ಚಿಯೂ ಹೋದುವು. ಆದರೆ ಗಲ್ಲಿಯು ಮನಸ್ಸಿನಲ್ಲಿ ಉಳಿದಿದೆಯೋ ಏನೋ ಎಂಬ ಸಂಶಯವು ಚಪ್ಪರದ ದಿನ ಹುಟ್ಟುತ್ತದೆ. ಬೆಳಗಿನ ಜಾವದಿಂದ ಪೊರಕೆ ಹಿಡಿದು ಬೀದಿಯನ್ನು ಗುಡಿಸಿದ ಹೆಂಗಸರು, ಪಾನಕ ಹಂಚುವ ಹೊತ್ತಿನಲ್ಲಿ ಎದುರು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಎಲ್ಲರೂ ಕುಡಿದಾದ ಮೇಲೆ ಅವರನ್ನು ಕರೆಯುತ್ತಾರೆ. ಆಗ ಕೊಳಗದಲ್ಲಿ ತಳದ ಗಸಿಯೂ ಚಪ್ಪರದ ಸುತ್ತ ಎಸೆದ ಲೋಟಗಳ ರಾಶಿಯೂ ಉಳಿದಿರುತ್ತವೆ. ಗಸಿಯನ್ನು ಕುಡಿದು ರಾಶಿಯನ್ನು ಎತ್ತಬೇಕು. ಕೊಟ್ಟವರಲ್ಲಿ ದುರುದ್ದೇಶವಿಲ್ಲವೆಂಬುದು ನಿಜ. ಆದರೆ ಕಡೆಯಲ್ಲಿ ಕರೆಸಿಕೊಂಡವರಿಗೆ ಅದರಿಂದ ಯಾವ ಸಮಾಧಾನವೂ ಇಲ್ಲ.

ಎರಡು ವರ್ಷಗಳ ಹಿಂದೆ ನಮ್ಮ ಬೀದಿಯ ಸಭೆಯಲ್ಲಿ ಒಬ್ಬ ಗೃಹಿಣಿಯು ಒಂದು ಸೂಚನೆಯನ್ನು ಮುಂದಿಟ್ಟರು. ಅದೇನೆಂದರೆ, ನೈವೇದ್ಯವಾದೊಡನೆ ಮೊದಲ ಲೋಟಗಳು ಪೌರಕಾರ್ಮಿಕರಿಗೂ ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರಿಗೂ ಸಲ್ಲತಕ್ಕದ್ದು. ಮಧ್ಯಾಹ್ನದ ಊಟದ ಮೊದಲ ಪಂಕ್ತಿಯಲ್ಲಿ ಅವರೂ ನಮ್ಮೊಡನೆ ಸಾಲಿನಲ್ಲಿಯೇ ಕುಳಿತುಕೊಳ್ಳತಕ್ಕದ್ದು. ಸಭೆಯಲ್ಲಿ ಗದ್ದಲವೇನೂ ಆಗಲಿಲ್ಲ. ಗದ್ದಲಕ್ಕಿಂತ ಕಷ್ಟವಾದ ಮೌನವೊಂದು ಆವರಿಸಿತು. ಕಡೆಗೆ ಒಬ್ಬ ಹಿರಿಯರು, “ಇದು ಸಂಪ್ರದಾಯವಲ್ಲವಲ್ಲ” ಎಂದರು. ಉತ್ತರ ಕೊಡುವ ಭಾರವು, ಸಂಸ್ಕೃತವನ್ನು ಓದಿದವರೆಂಬ ಕಾರಣದಿಂದ, ನಮ್ಮ ಮೇಲೆ ಬಿದ್ದಿತು.

ನಾವು ಹೇಳಿದುದು ಇಷ್ಟೆ. ಅತಿಥಿಗಳೂ ತಮ್ಮನ್ನು ಆಶ್ರಯಿಸಿ ಕೆಲಸಮಾಡುವವರೂ ಉಂಡ ಮೇಲೆ ಮಿಕ್ಕುದನ್ನು ದಂಪತಿಗಳು ಉಣ್ಣಬೇಕೆಂಬ ವಿಧಿಯು ಮನುಸ್ಮೃತಿಯಲ್ಲಿಯೇ ಉಂಟು. ಹಾಗೆ ಮಿಕ್ಕ ಅನ್ನಕ್ಕೆ ‘ವಿಘಸ’ವೆಂಬ ಗೌರವದ ಹೆಸರೂ ಉಂಟು. ಕಡೆಯಲ್ಲಿ ಉಣ್ಣುವುದು ಯಜಮಾನನ ಹಕ್ಕು. ಅದನ್ನು ಕೆಲಸದವರ ಪಾಲಿಗೆ ದೂಡುವುದು ವಿಧಿಯನ್ನು ತಲೆಕೆಳಗು ಮಾಡಿದಂತೆ. ಪಂಕ್ತಿಗೆ ಯಾರು ಯೋಗ್ಯರು, ಯಾರು ಅಯೋಗ್ಯರು ಎಂಬ ಉದ್ದವಾದ ಪಟ್ಟಿಗಳೂ ಅದೇ ಗ್ರಂಥದಲ್ಲಿವೆ ಎಂಬುದನ್ನು ನಾವು ಮುಚ್ಚಿಡಲಿಲ್ಲ. ಹಿರಿಯರು ಬಿಟ್ಟುಹೋದ ಮನೆಯಲ್ಲಿ ದೀಪವೂ ಇರುತ್ತದೆ, ಮಸಿಯೂ ಇರುತ್ತದೆ. ಯಾವುದನ್ನು ಮುಂದಿನ ಕೋಣೆಗೆ ಒಯ್ಯಬೇಕೆಂಬುದನ್ನು ಮನೆಯಲ್ಲಿ ಬಾಳುವವರೇ ನಿಶ್ಚಯಿಸಬೇಕು. ಅಸ್ಪೃಶ್ಯತೆಯನ್ನು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತೊಡೆದುಹಾಕಿದೆ. ಕಾನೂನು ಬಾಗಿಲನ್ನು ತೆರೆಯಬಲ್ಲದು. ಎಲೆ ಹಾಕಿ, ಬನ್ನಿರೆಂದು ಕರೆಯುವವರು ನಾವೇ ಆಗಬೇಕು.

ಆ ವರ್ಷದಿಂದ ನಮ್ಮ ಬೀದಿಯಲ್ಲಿ ಸೂಚನೆಯು ಆಚರಣೆಯಲ್ಲಿದೆ. ಮೊದಲ ದಿನ ಆ ಹೆಂಗಸರು ಸಾಲಿನಲ್ಲಿ ಕುಳಿತುಕೊಳ್ಳಲು ಹಿಂಜರಿದರು. ಬಡಿಸುವವರ ಕೈಯೂ ಒಂದು ಕ್ಷಣ ತಡವರಿಸಿತು. ಒಬ್ಬಿಬ್ಬರು ಗೃಹಸ್ಥರು ಅಂದು ಬರಲಿಲ್ಲ; ಅವರಲ್ಲಿ ಒಬ್ಬರು ಇಂದಿಗೂ ಬಂದಿಲ್ಲ. ಆದರೆ ಮಕ್ಕಳು ಯಾವ ತಡವರಿಕೆಯನ್ನೂ ಅರಿಯದೆ, ಅವರ ಪಕ್ಕದಲ್ಲಿಯೇ ಕುಳಿತು ಹೆಸರು, ಊರುಗಳನ್ನು ಕೇಳಿದುವು. ಏಳು ವರ್ಷ ನಮ್ಮ ಬೀದಿಯನ್ನು ಗುಡಿಸಿದವರ ಹೆಸರು ನಮ್ಮಲ್ಲಿ ಬಹುಮಂದಿಗೆ ತಿಳಿದುದು ಹೀಗೆ, ಮಕ್ಕಳ ಬಾಯಿಂದ.

ಇನ್ನು ಗೃಹಿಣಿಯರಿಗೆ ಉಪಯೋಗವಾಗುವ ಕೆಲವು ಸಂಗತಿಗಳು. ಬೀದಿಯ ಪಾನಕದಲ್ಲಿ ಮೊದಲು ನೋಡಬೇಕಾದುದು ನೀರು. ಕಾಲರಾ, ಕಾಮಾಲೆಗಳು ಕೆಟ್ಟ ನೀರಿನಿಂದಲೇ ಹರಡುವುವು. ಹಿಂದಿನ ರಾತ್ರಿಯೇ ನೀರನ್ನು ಕೊತಕೊತನೆ ಒಂದು ನಿಮಿಷಕ್ಕೆ ಕಡಮೆಯಿಲ್ಲದಂತೆ ಕುದಿಸಿ, ಮುಚ್ಚಿಟ್ಟು ಆರಿಸತಕ್ಕದ್ದು. ಎಲ್ಲಿಂದಲೋ ತಂದ ಮಂಜುಗಡ್ಡೆಯನ್ನು ಹಾಕಬಾರದು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹರವಿಯೇ ಸಾಕು. ಒಂದು ಲೀಟರು ನೀರಿಗೆ 150ರಿಂದ 200 ಗ್ರಾಂ ಬೆಲ್ಲ, ಕಾಲು ಚಮಚ ಶುಂಠಿಯ ಪುಡಿ, ನಾಲ್ಕು ಏಲಕ್ಕಿ, ಒಂದು ನಿಂಬೆಹಣ್ಣು, ಚಿಟಿಕೆ ಮೆಣಸಿನ ಪುಡಿ. 500 ಜನಕ್ಕೆ ತಲೆಗೆ 150 ಮಿಲಿಲೀಟರಿನಂತೆ 75 ಲೀಟರು ಬೇಕಾಗುವುದರಿಂದ 12ರಿಂದ 15 ಕಿಲೋ ಬೆಲ್ಲ ಸಾಕು. ಸಿಹಿಮೂತ್ರ ರೋಗವುಳ್ಳವರಿಗೆ ನೀರುಮಜ್ಜಿಗೆಯ ಪಾತ್ರೆಯನ್ನು ಬೇರೆಯಾಗಿ ಇರಿಸಬೇಕು. ಹೆಸರುಬೇಳೆಯನ್ನು ಒಂದೆರಡು ಗಂಟೆ ನೆನೆಯಿಟ್ಟು, ಸೌತೆಯನ್ನು ಕೂಡಿಸಿ, ಉಪ್ಪನ್ನು ಬಡಿಸುವ ಹೊತ್ತಿಗೆ ಮಾತ್ರ ಬೆರೆಸಿದರೆ ಕೋಸಂಬರಿಯು ನೀರೊಡೆಯುವುದಿಲ್ಲ.

ಲೋಟಗಳ ವಿಷಯ. ತಟ್ಟೆ ಲೋಟ ಮೊದಲಾದ ಪ್ಲಾಸ್ಟಿಕ್ ಸಾಮಾನುಗಳನ್ನು ನಮ್ಮ ರಾಜ್ಯವು 2016ರಲ್ಲಿಯೇ ನಿಷೇಧಿಸಿತು. 2022ರ ಜುಲೈಯಿಂದ ದೇಶಕ್ಕೆಲ್ಲ ಅಂತಹ ನಿಷೇಧವುಂಟು. ಮನೆಗೆ ಹತ್ತರಂತೆ ಸ್ಟೀಲಿನ ಲೋಟಗಳನ್ನು ಕೂಡಿಸಿದರೆ ಐವತ್ತು ಮನೆಗಳ ಬೀದಿಗೆ 500 ಲೋಟಗಳಾದುವು. ಊಟಕ್ಕೆ ಬಾಳೆಯೆಲೆ, ಮುತ್ತುಗದೆಲೆ, ಅಡಕೆಯ ಹಾಳೆಗಳಿವೆ. 2024ರ ಬೇಸಗೆಯಲ್ಲಿ ನಗರವು ಕುಡಿಯುವ ನೀರಿಗೇ ಪರದಾಡಿತಾದುದರಿಂದ ಲೋಟಗಳನ್ನು ತೊಳೆಯುವುದಕ್ಕೂ ಲೆಕ್ಕವಿಟ್ಟು ನೀರನ್ನು ಬಳಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಉಂಡವರು ತಮ್ಮ ಎಲೆಯನ್ನು ತಾವೇ ಎತ್ತಿ ಗೊಬ್ಬರದ ಬುಟ್ಟಿಗೆ ಹಾಕಬೇಕು. ಹಬ್ಬದ ದಿನ ಬೀದಿಯನ್ನು ಗುಡಿಸುವ ಸರದಿಯು ಬೀದಿಯವರದೇ ಆಗಿರಲಿ.

ಇದಕ್ಕೆ ದೊಡ್ಡ ಸಂಘ, ದೊಡ್ಡ ಚಂದಾ ಯಾವುದೂ ಬೇಡ. ಚಪ್ಪರವನ್ನು ಹಾಕುವ ಹಿಂದಿನ ಸಂಜೆ ಇಬ್ಬರು ಗೃಹಿಣಿಯರು ಕುಂಕುಮದ ಬಟ್ಟಲನ್ನು ಹಿಡಿದು ಮನೆಮನೆಗೆ ಕರೆಯಲು ಹೊರಡುತ್ತಾರಷ್ಟೆ. ಮರುದಿನ ಬೆಳಗ್ಗೆ ಪೊರಕೆಯೊಡನೆ ಬರುವವರನ್ನೂ ಅದೇ ಬಟ್ಟಲನ್ನು ಹಿಡಿದು, ಹೆಸರು ಹಿಡಿದು, ಮುಂಚಿತವಾಗಿಯೇ ಕರೆಯಲಿ. ಕರೆದು ಕೂರಿಸಿದವರು ಅತಿಥಿಗಳು. ಉಳಿದುದಕ್ಕೆ ಕೂಗಿದವರು ಅಲ್ಲ. ಈ ಭೇದವನ್ನು ಬಾಯಾರಿದವನ ನಾಲಗೆಯೂ ಬಲ್ಲದು.