ಕೆರೆ–ಹಳ್ಳದ ಕೆಲಸಕ್ಕೆ ಪ್ಯಾಕೇಜ್ ಟೆಂಡರ್ ಬೇಡ



ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಒಟ್ಟು 527 ಕೆರೆಗಳಿಗೆ ಅರ್ಧದಷ್ಟು ನೀರು ತುಂಬಿಸುವುದಾಗಿ ಯೋಜನೆಯಲ್ಲೇ ಹೇಳಿದ್ದಾರೆ, ಅದರಲ್ಲಿ ನಮ್ಮ ತುಮಕೂರು ಜಿಲ್ಲೆಯ ಕೆರೆಗಳೂ ಸೇರಿವೆ. ಭದ್ರಾ ಮೇಲ್ದಂಡೆ ಯೋಜನೆಯ ನೀರಿನ ಆಸೆಯೂ ಇದೆ. ಆದರೆ ಬಂದ ನೀರು ನಿಲ್ಲುವುದೆಲ್ಲಿ? ಕೆರೆಯ ಅಂಗಳದ ತುಂಬ ಬಳ್ಳಾರಿ ಜಾಲಿ, ತೂಬಿನ ಬಾಯಿವರೆಗೆ ಹೂಳು. ಹಳ್ಳದಿಂದ ಕೆರೆಗೆ ಬರುವ ಕಾಲುವೆ ಎಷ್ಟೋ ಕಡೆ ಉಳುಮೆಯ ಹೊಲವಾಗಿದೆ. ಜಯಮಂಗಲಿ, ಸುವರ್ಣಮುಖಿಯ ಪಾತ್ರದಲ್ಲಿ ಮರಳು ಬಗೆದ ಗುಂಡಿಗಳು. ಹೂಳು ತುಂಬಿ ಕೆಲಸಕ್ಕೆ ಬಾರದ ಚೆಕ್ ಡ್ಯಾಂಗಳು ಹಳ್ಳಕ್ಕೆ ಅಡ್ಡ ನಿಂತು, ಮಳೆ ಬಂದಾಗ ನೀರನ್ನು ಪಕ್ಕದ ದಂಡೆಗೆ ತಳ್ಳಿ ಹೊಲ ಕೊರೆಸುತ್ತಿವೆ. ಇಂಥವನ್ನು ದುರಸ್ತಿ ಮಾಡುವುದಕ್ಕಿಂತ ತೆಗೆದುಹಾಕುವುದೇ ಲೇಸು.

ಇದೆಲ್ಲ ಊರೂರಿಗೆ ಹಂಚಿಹೋದ ಸಣ್ಣ ಸಣ್ಣ ಕೆಲಸ. ಇಂಥದ್ದನ್ನು ಹತ್ತಾರು ಒಟ್ಟುಗೂಡಿಸಿ ಒಂದೇ ಪ್ಯಾಕೇಜ್ ಟೆಂಡರ್ ಕರೆಯುವ ಪದ್ಧತಿಗೆ ನನ್ನ ಬಲವಾದ ಆಕ್ಷೇಪವಿದೆ. ಕೋಟಿಗಟ್ಟಲೆ ಟರ್ನ್‌ಓವರ್, ಅದಕ್ಕೆ ತಕ್ಕ ಇಎಂಡಿ (ಟೆಂಡರ್ ಠೇವಣಿ), ಬ್ಯಾಂಕ್ ಗ್ಯಾರಂಟಿ ಕೇಳಿದರೆ ತಾಲ್ಲೂಕಿನ ಮೂರನೇ, ನಾಲ್ಕನೇ ದರ್ಜೆಯ ಗುತ್ತಿಗೆದಾರ ಬಾಗಿಲಲ್ಲೇ ಹಿಂದಿರುಗುತ್ತಾನೆ. ಆಮೇಲೆ ಅದೇ ಕೆಲಸ ಸಬ್ ಕಾಂಟ್ರಾಕ್ಟ್ ಆಗಿ ಅವನ ಹತ್ತಿರವೇ ಬರುತ್ತದೆ, ನಡುವೆ ಒಂದು ಪಾಲು ಕಳೆದುಕೊಂಡು. ಜೆಸಿಬಿ, ಟಿಪ್ಪರ್ ಅವನದು, ಡೀಸೆಲ್ ಸಾಲ ಅವನದು. ಕಾಮಗಾರಿಯ ಅಳತೆ ಪುಸ್ತಕದಲ್ಲಿ (ಎಂ.ಬಿ.) ಹೆಸರು ಮಾತ್ರ ಇನ್ನೊಬ್ಬರದು. ಹೀಗಾಗಿ ಅನುಭವ ಪ್ರಮಾಣಪತ್ರವೂ ಸಿಗದೆ, ಮುಂದಿನ ಟೆಂಡರ್‌ಗೂ ಅವನು ಅನರ್ಹನಾಗಿಯೇ ಉಳಿಯುತ್ತಾನೆ.

ಇದರಲ್ಲಿ ಇನ್ನೂ ದೊಡ್ಡ ಅನ್ಯಾಯವಿದೆ. ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲಾತಿ ಕಾನೂನಿನಲ್ಲೇ ಇದೆ. ಎಷ್ಟು ಮೊತ್ತದವರೆಗಿನ ಕಾಮಗಾರಿಗೆ ಈ ಮೀಸಲಾತಿ ಅನ್ವಯಿಸುತ್ತದೆ ಎಂಬ ಮಿತಿ 50 ಲಕ್ಷ ರೂಪಾಯಿ ಇತ್ತು, ಅದನ್ನು 2023ರಲ್ಲಿ 1 ಕೋಟಿಗೆ ಏರಿಸಿದರು. 2 ಕೋಟಿಗೆ ಏರಿಸುವ ಮಸೂದೆಗೂ 2025ರಲ್ಲಿ ಸದನ ಒಪ್ಪಿಗೆ ಕೊಟ್ಟಿತು. ಆದರೆ 20–30 ಲಕ್ಷದ ಕೆಲಸಗಳನ್ನು ಕಟ್ಟುಕಟ್ಟಿ ಮಿತಿ ದಾಟಿಸಿಬಿಟ್ಟರೆ ಆ ಮೀಸಲಾತಿ ಯಾರಿಗೆ ಸಿಕ್ಕಂತಾಯಿತು? ತಲೆತಲಾಂತರದಿಂದ ಏರಿ ಹಾಕಿ, ಕಲ್ಲು ಕಟ್ಟಿ ಈ ಸೀಮೆಯ ಕೆರೆಗಳನ್ನು ನಿಲ್ಲಿಸಿದ ಭೋವಿ ಸಮುದಾಯದ ಹುಡುಗರು ಇವತ್ತು ಅದೇ ಕೆರೆಯಲ್ಲಿ ದಿನಗೂಲಿಗೆ ನಿಲ್ಲಬೇಕೇ?

ಊರವರ ಕೈಗೆ ಕೆಲಸ ಕೊಡುವುದು ನಮಗೆ ಹೊಸದಲ್ಲ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಸಮುದಾಯ ಆಧಾರಿತ ಕೆರೆ ಯೋಜನೆಯಲ್ಲಿ ತುಮಕೂರು ಜಿಲ್ಲೆಯೂ ಇತ್ತು. ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಕೆರೆ ಬಳಕೆದಾರರ ಸಂಘಗಳು ಹುಟ್ಟಿಕೊಂಡವು. ಎಲ್ಲ ಕಡೆ ಅದು ಸರಿಯಾಗಿ ನಡೆಯಲಿಲ್ಲ ಎಂಬುದೂ ನಿಜ, ಆದರೆ ದಾರಿ ಸರಿಯಿತ್ತು. ಹೊರದೇಶದಲ್ಲೂ ಇಂಥ ಉದಾಹರಣೆಯಿದೆ: ಅಮೆರಿಕದ ಕ್ಲಾಮತ್ ನದಿಯಲ್ಲಿ 2023–24ರಲ್ಲಿ ನಾಲ್ಕು ಅಣೆಕಟ್ಟುಗಳನ್ನು ಕೆಡವಿದಾಗ, ಕಾಂಕ್ರೀಟ್ ಒಡೆಯುವ ಗುತ್ತಿಗೆ ದೊಡ್ಡ ಕಂಪನಿಗೆ ಹೋಯಿತು. ನೀರಿಳಿದ ನೆಲದಲ್ಲಿ ಹಸಿರು ಎಬ್ಬಿಸಲು ಸ್ಥಳೀಯ ಗಿಡಗಳ ಬೀಜ ಆರಿಸಿ ಬಿತ್ತುವ ಕೆಲಸಕ್ಕೆ ಮಾತ್ರ ಆ ನದಿಯನ್ನೇ ನಂಬಿದ ಯುರೋಕ್ ಮೂಲನಿವಾಸಿಗಳು ಇಳಿದರು.

ಸ್ಥಳೀಯರೆಂದ ಮಾತ್ರಕ್ಕೆ ಎಲ್ಲರೂ ಪ್ರಾಮಾಣಿಕರು ಎಂದು ನಾನು ವಾದಿಸುವುದಿಲ್ಲ. ಮೇಲುಮಣ್ಣು ಕೆರೆದು ಬಿಲ್ ಎತ್ತಿದವರನ್ನು ನಾವೂ ಕಂಡಿದ್ದೇವೆ. ಆದರೆ ಊರಿನ ಗುತ್ತಿಗೆದಾರ ನಾಳೆಯೂ ಅದೇ ಸಂತೆಗೆ ಬರಬೇಕು, ಅವನನ್ನು ನಿಲ್ಲಿಸಿ ಕೇಳಬಹುದು. ಕೆರೆಯ ಯಾವ ಮೂಲೆಯಲ್ಲಿ ಹೂಳು ಹೆಚ್ಚು, ಕೋಡಿ ನೀರು ಯಾವ ಹಳ್ಳಕ್ಕೆ ಬೀಳುತ್ತದೆ ಎಂದು ನೀರಗಂಟಿಯನ್ನು ಕೇಳಿ ಕೆಲಸ ಮಾಡುವವನೂ ಅವನೇ.

40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಚಿಕ್ಕವು ಪಂಚಾಯತ್ ವ್ಯವಸ್ಥೆಯವು. ಎರಡೂ ಕಡೆಯ ಅಧಿಕಾರಿಗಳು ಕೆರೆಗೊಂದು, ಹಳ್ಳಕ್ಕೊಂದು ಪ್ರತ್ಯೇಕ ಟೆಂಡರ್ ಕರೆಯಲಿ. ಎಷ್ಟು ಅಡಿ ಹೂಳು ಎತ್ತಬೇಕು, ಯಾವ ಚೆಕ್ ಡ್ಯಾಂ ತೆಗೆಯಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಏರಿಯ ಮೇಲೆ ಬೋರ್ಡ್ ಬರೆಸಿ ಹಾಕಲಿ. ಕೊನೆಯ ಬಿಲ್ಲನ್ನು ಒಂದು ಮಳೆಗಾಲ ಕಳೆದು, ಗ್ರಾಮಸಭೆಯ ಮುಂದೆ ಅಳತೆ ಓದಿದ ಮೇಲೆ ಪಾಸು ಮಾಡಲಿ. ಬರುವ ಬೇಸಿಗೆಯ ಟೆಂಡರ್‌ಗಳಿಂದಲೇ ಇದು ಜಾರಿಗೆ ಬರಬೇಕು.

— ಓದುಗ, ತಾವರೆಕೆರೆ, ಶಿರಾ ತಾಲ್ಲೂಕು