ಮಾತು ತಡವಾದ ಮಕ್ಕಳಿಗೆ ಓದು ಕಲಿಸುವುದು: ಒಂದು ಅವಲೋಕನ

ಒಂದನೇ ತರಗತಿಗೆ ದಾಖಲಾಗುವ ಮಕ್ಕಳಲ್ಲಿ ಕೆಲವರಿಗೆ ವಯಸ್ಸಿಗೆ ತಕ್ಕಷ್ಟು ಮಾತು ಬಂದಿರುವುದಿಲ್ಲ. ಅಂತಹ ಮಗುವಿಗೆ ‘ಮೊದಲು ಮಾತು ಬರಲಿ, ಅಕ್ಷರ ಆಮೇಲೆ’ ಎಂದು ಓದನ್ನು ಮುಂದೂಡುವ ರೂಢಿ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಕಂಡುಬರುತ್ತದೆ. ಇದರಿಂದ ಕಲಿಕೆಯ ಅಮೂಲ್ಯ ವರ್ಷಗಳು ನಷ್ಟವಾಗುವುದಲ್ಲದೆ, ಮಾತಿನ ವಿಳಂಬವನ್ನೇ ಬುದ್ಧಿಯ ಕೊರತೆಯೆಂದು ಭಾವಿಸುವ ಅಪಾಯವೂ ಇದೆ.

ಮೈಸೂರಿನ ರೈಲ್ವೆ ಕಾರ್ಯಾಗಾರದ ಆಸುಪಾಸಿನಲ್ಲಿರುವ ಅಶೋಕಪುರಂ ಬಡಾವಣೆಯ ಪೋಷಕರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇದೇ ನಗರದ ಮಾನಸಗಂಗೋತ್ರಿಯಲ್ಲಿದ್ದು, ಶ್ರವಣ ಪರೀಕ್ಷೆ ಹಾಗೂ ಮಾತು ಮತ್ತು ಭಾಷೆಯ ತಪಾಸಣೆ ಅಲ್ಲಿ ನಡೆಯುತ್ತದೆ. ದೂರದ ಜಿಲ್ಲೆಗಳವರು ಪ್ರಯಾಣ ಮಾಡಿ ಬರುವ ಈ ಸಂಸ್ಥೆ ಇಲ್ಲಿನವರಿಗೆ ಸಮೀಪದಲ್ಲಿಯೇ ಇದೆ. ಕಿವಿಯ ತೊಂದರೆಯಿಂದಲೂ ಮಾತು ತಡವಾಗಬಹುದಾದ್ದರಿಂದ ಮೊದಲು ಶ್ರವಣ ಪರೀಕ್ಷೆ ಮಾಡಿಸತಕ್ಕದ್ದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಲ್ಲಿ ನಡೆಯುವ ತಪಾಸಣೆಯಲ್ಲಿ ಭಾಷಾ ವಿಳಂಬವೂ ಸೇರಿದೆ.

ತಪಾಸಣೆಯ ನಂತರದ ಪ್ರಶ್ನೆ ಅಕ್ಷರದ್ದು. ರಾಜ್ಯದ ಶಾಲೆಗಳಲ್ಲಿ ಕನ್ನಡ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಲ್ಲದೆ ರ, ಗ, ಸ, ದ, ಅ ಎಂಬ ಗುಂಪಿನಿಂದ ಆರಂಭಿಸಲಾಗುತ್ತದೆ. ಸರ, ಅರಸ, ಅಗಸ, ಗರಗಸ ಮುಂತಾದ ಪದಗಳು ಇಷ್ಟರಲ್ಲಿಯೇ ಸಿದ್ಧವಾಗುತ್ತವೆ. ಬರವಣಿಗೆಯ ದೃಷ್ಟಿಯಿಂದ ಇದು ಯೋಗ್ಯ ಕ್ರಮವೇ ಸರಿ. ಆದರೆ ಮಕ್ಕಳ ನಾಲಿಗೆ ಬೇರೆ ಕ್ರಮವನ್ನು ಅನುಸರಿಸುತ್ತದೆ. ತುಟಿಗಳಿಂದ ಹುಟ್ಟುವ ಪ, ಬ, ಮ ಧ್ವನಿಗಳು ಬೇಗ ಬರುತ್ತವೆ. ಸಕಾರ, ವಿಶೇಷವಾಗಿ ರಕಾರ, ತಡವಾಗಿ ಸ್ಪಷ್ಟವಾಗುತ್ತವೆ. ಹೀಗಾಗಿ ಮಾತು ತಡವಾದ ಮಗು ಮೊದಲ ಪಾಠದಲ್ಲಿಯೇ ತನಗೆ ಅತಿ ಕಷ್ಟವಾದ ಧ್ವನಿಗಳನ್ನು ಎದುರಿಸುತ್ತದೆ. ‘ಅರಸ’ ಎಂಬುದನ್ನು ಅದು ‘ಅಲತ’ ಎಂದರೆ ಓದಲು ಬರಲಿಲ್ಲವೆಂದು ಗುರುತು ಹಾಕಲಾಗುತ್ತದೆ. ವಾಸ್ತವವಾಗಿ ಮಗು ಸರಿಯಾಗಿಯೇ ಓದಿರಬಹುದು. ತಪ್ಪಿರುವುದು ಉಚ್ಚಾರಣೆ ಮಾತ್ರ.

ಇವೆರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವೇನಲ್ಲ. ಮೂರು ಚಿತ್ರಗಳನ್ನಿಟ್ಟು, ‘ಸರ’ ಎಂದು ಬರೆದ ಮಿಂಚುಪಟ್ಟಿಯನ್ನು ತೋರಿಸಿ, ಸರಿಯಾದ ಚಿತ್ರವನ್ನು ಮುಟ್ಟಲು ಹೇಳಬಹುದು. ಕನ್ನಡದ ಇಂತಹ ಸರಳ ಪದಗಳಲ್ಲಿ ಅಕ್ಷರಕ್ಕೊಂದು ಚಪ್ಪಾಳೆ ಹೊಂದುವುದರಿಂದ, ‘ಗರಗಸ’ ಎನ್ನಲಾರದ ಮಗುವೂ ನಾಲ್ಕು ಬಾರಿ ಚಪ್ಪಾಳೆ ತಟ್ಟಬಲ್ಲದು. ಮನೆಯಲ್ಲಿ ತಾಯಂದಿರು ಮಗುವಿನ ಬಾಯಲ್ಲಿ ಈಗಾಗಲೇ ಇರುವ ‘ಅಮ್ಮ’, ‘ಪಾಪು’ ಮುಂತಾದ ಪದಗಳನ್ನು ಬರೆದು ತೋರಿಸುವುದು ಸೂಕ್ತ. ಒತ್ತಕ್ಷರವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಇಡೀ ಪದದ ಗುರುತು ಸಿಕ್ಕರೆ ಸಾಕು. ತಪ್ಪು ನುಡಿದಾಗ ಗದರಿಸಿ ಮತ್ತೆ ಮತ್ತೆ ಹೇಳಿಸಬಾರದು; ಸರಿಯಾದ ರೂಪವನ್ನು ತಾವೇ ಒಮ್ಮೆ ನುಡಿದು ಮುಂದುವರಿಯಬೇಕು.

2021ರಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮವು ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬ ಗುರಿ ಹೊಂದಿದೆ. ವೇಗವನ್ನು ಗಟ್ಟಿ ಓದಿನಿಂದ ಅಳೆಯುವಾಗ ಮಾತಿನ ತೊಡಕಿರುವ ಮಗು ಹಿಂದೆ ಬೀಳುವುದು ಖಚಿತ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ವಾಕ್ ಮತ್ತು ಭಾಷಾ ನ್ಯೂನತೆಯನ್ನು 21 ನ್ಯೂನತೆಗಳ ಪಟ್ಟಿಯಲ್ಲಿ ಸೇರಿಸಿದ್ದು, ವಿಕಲಚೇತನ ವಿದ್ಯಾರ್ಥಿಗಳಿಗಾಗಿ ಪಠ್ಯಕ್ರಮ ಹಾಗೂ ಪರೀಕ್ಷಾ ವಿಧಾನದಲ್ಲಿ ಸೂಕ್ತ ಮಾರ್ಪಾಡು ಮಾಡಲು ಅವಕಾಶ ಕಲ್ಪಿಸಿದೆ. ಪಟ್ಟಿಯ ವ್ಯಾಪ್ತಿಗೆ ಬಾರದ, ಕೇವಲ ಮಾತು ತಡವಾದ ಮಗುವಿನ ವಿಷಯದಲ್ಲಿಯೂ ಬೆರಳಿಟ್ಟು ತೋರಿಸಿದ ಉತ್ತರವನ್ನು ಓದೆಂದು ದಾಖಲಿಸಲು ತರಗತಿಯ ಶಿಕ್ಷಕರು ಯಾವ ಪ್ರಮಾಣಪತ್ರಕ್ಕೂ ಕಾಯಬೇಕಿಲ್ಲ.